ಟಾಫ್ಟ್ ಪಕ್ಷದವಳು

ನನ್ನನ್ನು ಎಲ್ಲರೆದುರು ಟೀಕಿಸುವುದಕ್ಕೆ ವಿಶ್ವವಿದ್ಯಾಲಯವೇ ಒಬ್ಬನನ್ನು ನೇಮಿಸಿತು. ಅವನ ಹೆಸರು ಸಮಿತ್. ನೋಟಿಸ್ ಬೋರ್ಡಿನಲ್ಲಿ ಆ ಹೆಸರು ಕಂಡ ದಿನ ನಗಬೇಕೋ ಅಳಬೇಕೋ ತಿಳಿಯದೆ ಅಲ್ಲೇ ನಿಂತು ಎರಡು ಸಲ ಓದಿಕೊಂಡೆ.

ಸ್ವೀಡನ್ನಿನಲ್ಲಿ ಇದು ಪದ್ಧತಿ. ಪ್ರಬಂಧ ಬರೆದರೆ ಸಾಲದು. ಜೊತೆಯ ವಿದ್ಯಾರ್ಥಿಯೊಬ್ಬ ಅದನ್ನು ಪೂರ್ತಿ ಓದಿ, ತುಂಬಿದ ಕೋಣೆಯಲ್ಲಿ ನಿಮ್ಮೆದುರು ಕೂತು ಅದರ ತಪ್ಪುಗಳನ್ನು ಒಂದೊಂದಾಗಿ ಎತ್ತಬೇಕು. ಅವನನ್ನು ಆಪೊನೆಂಟ್ ಎನ್ನುತ್ತಾರೆ. ನೀವು ಅವನಿಗೆ ಹೇಗೆ ಉತ್ತರ ಕೊಡುತ್ತೀರಿ ಎಂಬುದನ್ನೂ ನೋಡಿ ಪರೀಕ್ಷಕರು ದರ್ಜೆ ಕೊಡುತ್ತಾರೆ.

ಆ ದರ್ಜೆಯ ಮೇಲೆ ನನ್ನದೆಲ್ಲ ನಿಂತಿತ್ತು. ಅದು 2009ರ ಮೇ ತಿಂಗಳು. ಗೋಥೆನ್‌ಬರ್ಗ್‌ನಲ್ಲಿ ನನ್ನ ಎರಡು ವರ್ಷದ ಮಾಸ್ಟರ್ಸ್ ಮುಗಿಯುತ್ತ ಬಂದಿತ್ತು, ಆಗಸ್ಟಿಗೆ ವೀಸಾವೂ ಮುಗಿಯುತ್ತಿತ್ತು. ನಮ್ಮ ವಿಭಾಗದಲ್ಲಿ ಪಿಎಚ್‌ಡಿಗೆ ಒಂದೇ ಒಂದು ಜಾಗ ಖಾಲಿಯಿತ್ತು. ಅತ್ಯುತ್ತಮ ದರ್ಜೆ ಬಂದರೆ ಅದಕ್ಕೆ ಅರ್ಜಿ ಹಾಕಬಹುದು, ಇಲ್ಲದಿದ್ದರೆ ಪೆಟ್ಟಿಗೆ ಕಟ್ಟಿ ಉಡುಪಿಗೆ ಹೊರಡಬೇಕು. ಊರಿಗೆ ಹೋಗಲು ನನಗೇನೂ ಬೇಸರವಿರಲಿಲ್ಲ. ಆದರೆ ಅಲ್ಲಿ ಸಮಿತ್ ಇರುವುದಿಲ್ಲ.

ನಾವಿಬ್ಬರೂ ಹತ್ತಿರವಾದದ್ದೇ ಜಗಳದಿಂದ. ಒಂದು ದಿನ ತರಗತಿಯಲ್ಲಿ ಅಮೆರಿಕದ 1912ರ ಚುನಾವಣೆಯ ಪಾಠ ನಡೆದಿತ್ತು. ರೂಸ್ವೆಲ್ಟ್ ತನ್ನ ಆಪ್ತ ಗೆಳೆಯ ಟಾಫ್ಟ್‌ನನ್ನು ತಾನೇ ಮುಂದೆ ನಿಂತು ಅಧ್ಯಕ್ಷನನ್ನಾಗಿ ಮಾಡಿದ. ನಾಲ್ಕು ವರ್ಷದೊಳಗೆ ಮನಸ್ಸು ಮುರಿದು ಅವನ ವಿರುದ್ಧವೇ ಹೊಸ ಪಕ್ಷ ಕಟ್ಟಿದ. ಇದ್ದ ಪಕ್ಷ ಹೋಳಾಗಿ ಇಬ್ಬರೂ ಸೋತರು, ಮೂರನೆಯವನು ಗೆದ್ದ. ಸುಧಾರಕನೆಂಬ ಕೀರ್ತಿ ಮಾತ್ರ ರೂಸ್ವೆಲ್ಟ್‌ಗೇ ಉಳಿಯಿತು, ಟಾಫ್ಟ್‌ನ ಪಾಲಿಗೆ ಬಂದದ್ದು ದಪ್ಪ ಹೊಟ್ಟೆಯ ವ್ಯಂಗ್ಯಚಿತ್ರಗಳು.

ನನಗೆ ರೇಗಿತು. ದೊಡ್ಡ ಕಂಪನಿಗಳ ಏಕಸ್ವಾಮ್ಯದ ಮೇಲೆ ಹೆಚ್ಚು ಮೊಕದ್ದಮೆ ಹೂಡಿದವನು ಟಾಫ್ಟ್, ಸದ್ದಿಲ್ಲದೆ ಕೆಲಸ ಮಾಡಿದವರನ್ನು ಯಾರೂ ಕೇಳುವುದಿಲ್ಲ ಎಂದೆ. ಹಿಂದಿನ ಸಾಲಿನಿಂದ ಒಬ್ಬ ರೂಸ್ವೆಲ್ಟ್‌ನ ವಕಾಲತ್ತು ವಹಿಸಿ ಎದ್ದು ನಿಂತ. ನಾನು ಬೇಸತ್ತು ‘ಎಲ್ಲ ನಮ್ಮ ಕರ್ಮ’ ಎಂದು ಗೊಣಗಿದ್ದು ಅವನ ಕಿವಿಗೆ ಬಿತ್ತು. ತರಗತಿ ಮುಗಿದ ಮೇಲೆ ಬಾಗಿಲ ಬಳಿ ಕಾದು ನಿಂತು ಅದೇ ವಾದವನ್ನು ಕನ್ನಡದಲ್ಲಿ ಮುಂದುವರಿಸಿದ.

ಅವನಪ್ಪ ಟ್ರೋಲ್‌ಹೆಟ್ಟನ್‌ನಲ್ಲಿ ವಿಮಾನದ ಎಂಜಿನ್ ಕಾರ್ಖಾನೆಯಲ್ಲಿ ಎಂಜಿನಿಯರ್. ಸಮಿತ್ ಬೆಳೆದದ್ದೆಲ್ಲ ಅಲ್ಲೇ, ಕನ್ನಡ ಮಾತ್ರ ಅಮ್ಮನಿಂದ ಬಂದದ್ದು. ಅಲ್ಲಿಂದ ದಿನಾ ರೈಲಿನಲ್ಲಿ ಬರುತ್ತಿದ್ದ. ಒಪ್ಪದ ಮಾತು ಕೇಳಿದಾಗ ಅವನ ಎಡ ಹುಬ್ಬು ಮಾತ್ರ ಮೆಲ್ಲಗೆ ಮೇಲೇರುತ್ತದೆ, ಆಮೇಲೆ ತುಟಿಯ ತುದಿಯಲ್ಲಿ ಒಂದು ನಗು ಮೂಡುತ್ತದೆ. ಆ ಹುಬ್ಬಿಗಾಗಿಯೇ ನಾನು ಎಷ್ಟೋ ಸಲ ಯಾರೂ ಒಪ್ಪಲಾಗದ ಮಾತು ಆಡಿದ್ದುಂಟು.

ಆದರೆ ಆಡಬೇಕಾದ ಮಾತು ಆಡಿರಲಿಲ್ಲ. ಮೊದಲು ಬಾಯಿ ಬಿಟ್ಟವರು ಸೋತಂತೆ ಎಂಬ ಜಂಬದವರ ಪೈಕಿ ನಾನು. ಅವನೂ ಏನೂ ಹೇಳಲಿಲ್ಲ. ಹೀಗೇ ಒಂದೂವರೆ ವರ್ಷ ಟಾಫ್ಟ್, ರೂಸ್ವೆಲ್ಟ್ ಎಂದು ಕಿತ್ತಾಡಿಕೊಂಡೇ ಕಳೆದುಬಿಟ್ಟೆವು. ನಾನು ಪ್ರಬಂಧಕ್ಕೂ ಟಾಫ್ಟ್‌ನನ್ನೇ ಆರಿಸಿಕೊಂಡೆ.

ನಾನಿದ್ದದ್ದು ಮೋಲ್ನ್‌ಡಾಲ್‌ನಲ್ಲಿ, ಮಾಲತಿ ಅಕ್ಕನ ಮನೆಯಲ್ಲಿ. ಭಾವ ಅಲ್ಲಿ ಔಷಧ ಸಂಶೋಧನೆಯಲ್ಲಿದ್ದರು. ಆಪೊನೆಂಟ್ ಎಂದರೇನೆಂದು ನಾನು ವಿವರಿಸಿದಾಗ ಅಕ್ಕನ ಮುಖ ಬಾಡಿತು. ಮರುದಿನವೇ ಆ ಹುಡುಗನನ್ನು ಭಾನುವಾರ ಊಟಕ್ಕೆ ಕರಿ ಎಂದಳು. ನೀರುದೋಸೆ, ಮೀನಿನ ಸಾರು, ಮೇಲೆ ಪಾಯಸ. ಊಟದ ನಡುವೆ ಮೊಸರು ಸಾಲದೆಂದು ನನ್ನನ್ನು ಅಂಗಡಿಗೆ ಓಡಿಸಿದಳು. ಫ್ರಿಜ್ಜಿನಲ್ಲಿ ಎರಡು ಪೊಟ್ಟಣ ಇದ್ದದ್ದು ಆಮೇಲೆ ಕಂಡರೂ ನನಗೆ ಅನುಮಾನ ಬರಲಿಲ್ಲ.

ಸೆಮಿನಾರ್ ದಿನ ಬಂತು. ಕಿಟಕಿಯ ಹೊರಗೆ ಬಿಸಿಲೋ ಬಿಸಿಲು, ಲೈಲಾಕ್ ಹೂವಿನ ವಾಸನೆ ಕೋಣೆಯವರೆಗೂ ಬರುತ್ತಿತ್ತು. ನಾನು ಸೆರಗಿಗೆ ಪಿನ್ನು ಹಾಕಿಕೊಂಡು ಯುದ್ಧಕ್ಕೆ ಹೊರಟವಳ ಹಾಗೆ ಕೂತಿದ್ದೆ. ಎದುರಿಗೆ ಇಸ್ತ್ರಿ ಮಾಡಿದ ನೀಲಿ ಶರ್ಟಿನಲ್ಲಿ ಸಮಿತ್. ಕಣ್ಣು ಕೂಡಿತು, ಅವನೇ ಮೊದಲು ತಗ್ಗಿಸಿದ.

ಆಮೇಲೆ ಅವನು ಹೊಗಳತೊಡಗಿದ. ಭಾಷೆ ಚೆನ್ನಾಗಿದೆ, ಆಕರಗಳು ಚೆನ್ನಾಗಿವೆ, ಅಧ್ಯಾಯಗಳ ವಿಂಗಡಣೆ ಚೆನ್ನಾಗಿದೆ. ಒಂದು ಅಚ್ಚಿನ ತಪ್ಪು ತೋರಿಸಿ ಅದಕ್ಕೂ ಕ್ಷಮೆ ಕೇಳಿದ. ಹುಬ್ಬು ಒಮ್ಮೆಯೂ ಏಳಲಿಲ್ಲ. ಒಂದೂವರೆ ವರ್ಷ ನನ್ನ ಒಂದು ಸಾಲನ್ನೂ ಸುಮ್ಮನೆ ಬಿಡದವನು ಇವನೇನಾ ಎನಿಸಿ ನನ್ನ ಮೈ ಉರಿಯಿತು. ಪರೀಕ್ಷಕಿ ಪೆನ್ನು ಕೆಳಗಿಟ್ಟು ಗಡಿಯಾರ ನೋಡಿದರು. ಈಗ ಫೀಕಾ ಮಾಡೋಣ, ಕಾಫಿ ಕುಡಿದು ಬಂದ ಮೇಲಾದರೂ ವಿರೋಧ ಕೇಳಲು ಸಿಗಬಹುದು, ಇಲ್ಲದಿದ್ದರೆ ದರ್ಜೆ ಕೊಡಲು ನನ್ನ ಬಳಿ ಏನೂ ಇರುವುದಿಲ್ಲ ಎಂದರು.

ಕಾರಿಡಾರಿನಲ್ಲಿ ಅವನ ಕೈಯಲ್ಲಿ ದಾಲ್ಚಿನ್ನಿ ಬನ್ನು, ನನ್ನ ಕೈಯಲ್ಲಿ ಕಾಫಿ. ಏನಾಯಿತು ನಿನಗೆ ಎಂದು ಕೇಳಿದೆ. ಬನ್ನನ್ನು ಪಕ್ಕಕ್ಕಿಟ್ಟು ಬಾಯಿ ಬಿಟ್ಟ. ನಾನು ಮೊಸರು ತರಲು ಹೋದಾಗ ಅಕ್ಕ ಕಣ್ಣೀರು ಹಾಕಿದ್ದಳಂತೆ. ತಂಗಿಯ ಬದುಕು ನಿನ್ನ ಕೈಲಿದೆ, ಸ್ವಲ್ಪ ನೋಡಿಕೊಂಡು ಮಾತಾಡಪ್ಪ ಎಂದು ಇನ್ನೆರಡು ನೀರುದೋಸೆ ಬಡಿಸಿದ್ದಳಂತೆ. ಅಮೆರಿಕದ ಲಂಚದ ರಾಜಕಾರಣದ ಬಗ್ಗೆ ಒಂದಿಡೀ ಅಧ್ಯಾಯ ಬರೆದವಳ ಅಕ್ಕನ ಅಡುಗೆಮನೆಯಲ್ಲೇ ಈ ವ್ಯವಹಾರ ನಡೆದಿತ್ತು. ನಗು ಉಕ್ಕಿ ಬಂದರೂ ತಡೆದುಕೊಂಡೆ.

“ನಿಮ್ಮಕ್ಕ ಹೇಳಿದ್ದಕ್ಕೆ ಮಾತ್ರ ಅಲ್ಲ,” ಎಂದ. “ನೀನು ವಾಪಸ್ ಹೋಗ್ತೀಯ ಅಂತ ನನಗೂ ಭಯ ಇತ್ತು.”

ಅವನ ಫೈಲಿನಿಂದ ಹಾಳೆಗಳು ಇಣುಕುತ್ತಿದ್ದವು. ಎಳೆದು ನೋಡಿದೆ. ಒತ್ತೊತ್ತಾಗಿ ಬರೆದ ಒಂಬತ್ತು ಪುಟ, ನನ್ನ ತಪ್ಪುಗಳೇ. ಇಷ್ಟು ಪ್ರೀತಿಯಿಂದ ನನ್ನನ್ನು ಯಾರೂ ಓದಿರಲಿಲ್ಲ.

“ಸಮಿತ್, ಗೆದ್ರೆ ನಿನ್ನೆದುರು ನಿಂತು ಗೆಲ್ಬೇಕು ನಾನು. ನೀನು ಬಿಟ್ಟುಕೊಟ್ಟು ಅಲ್ಲ. ಈ ಒಂಬತ್ತು ಪುಟ ಒಳಗೆ ತಗೊಂಡು ಬಾ.”

ಅವನು ತಂದ. ಮೊದಲ ಮೂರು ಪ್ರಶ್ನೆಗೆ ನಾನು ಸುಲಭವಾಗಿ ಬಗ್ಗಲಿಲ್ಲ. ಹುಬ್ಬು ಏರಿತು, ನನ್ನ ದನಿಯೂ ಏರಿತು, ಕೋಣೆಯಲ್ಲಿದ್ದವರು ಕುರ್ಚಿ ಮುಂದೆ ಎಳೆದುಕೊಂಡರು. ನಾಲ್ಕನೆಯದಕ್ಕೆ ಅವನು ಹಾಳೆ ಪಕ್ಕಕ್ಕಿಟ್ಟ. 1911ರಲ್ಲಿ ಟಾಫ್ಟ್ ಸರ್ಕಾರ ಉಕ್ಕಿನ ಕಂಪನಿಯ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಹಿಂದೆ ಆ ಕಂಪನಿಯ ಮಾತು ನಂಬಿ ರೂಸ್ವೆಲ್ಟ್ ಮೋಸಹೋಗಿದ್ದ ಎಂಬರ್ಥದ ಮಾತಿತ್ತು, ಟಾಫ್ಟ್ ಅದನ್ನು ಮೊದಲೇ ಓದಿರಲಿಲ್ಲ ಎನ್ನುತ್ತಾರೆ, ಸರಿಯೇ ಎಂದು ಕೇಳಿದ. ಸರಿ ಎಂದೆ. ಮತ್ತೆ ಇಂಗ್ಲಿಷಿನಲ್ಲೇ, ಆದರೆ ನನ್ನನ್ನೇ ನೋಡುತ್ತ ಕೇಳಿದ:

“ಗೆಳೆಯನಿಗೆ ನೋವಾಗಿದೆ ಅಂತ ಗೊತ್ತಾದ ಮೇಲೂ ಟಾಫ್ಟ್ ನೇರವಾಗಿ ಒಂದು ಮಾತು ಆಡಲಿಲ್ಲ. ನೀವು ಅದನ್ನು ಘನತೆ ಅಂತ ಬರೆದಿದ್ದೀರಿ. ಅದು ಘನತೆಯೋ, ಬರೀ ಜಂಬವೋ?”

ನಾಲ್ಕನೇ ಅಧ್ಯಾಯ ತೆರೆದೆ. ಪುಟ ತಿರುವಿದೆ, ನೀರು ಕುಡಿದೆ. ಟಾಫ್ಟ್‌ನನ್ನು ಕಾಪಾಡುವ ನೆಪದಲ್ಲಿ ನಾನು ಇಷ್ಟು ದಿನ ಯಾರನ್ನು ಕಾಪಾಡುತ್ತಿದ್ದೆನೆಂದು ಆಗ ಅರ್ಥವಾಯಿತು.

“ಜಂಬವೇ,” ಎಂದೆ. ನಾಲ್ಕನೇ ಅಧ್ಯಾಯ ಅಲ್ಲಿ ತಪ್ಪಿದೆ, ಅವನ ಸುಧಾರಣೆಗಳು ನಿಜ, ಆದರೆ ಸುಮ್ಮನಿದ್ದು ಗೆಳೆತನವನ್ನೂ ಪಕ್ಷವನ್ನೂ ಕೈಯಾರೆ ಕಳೆದುಕೊಂಡದ್ದೂ ನಿಜ, ಎರಡನ್ನೂ ಬರೆಯಬೇಕಿತ್ತು ಎಂದು ಹೇಳಿದೆ. ಪರೀಕ್ಷಕಿ ಬಗ್ಗಿ ಏನನ್ನೋ ಬೇಗ ಬೇಗ ಬರೆದುಕೊಂಡರು.

ನಾಲ್ಕನೇ ಅಧ್ಯಾಯವನ್ನು ತಿದ್ದಿಕೊಡಬೇಕೆಂಬ ಷರತ್ತಿನ ಮೇಲೆ ಅತ್ಯುತ್ತಮ ದರ್ಜೆ ಬಂತು. ತಿರುಗಿ ನೋಡಿದರೆ ಸಮಿತ್‌ನ ಕುರ್ಚಿ ಖಾಲಿ. ನಾನು ಎಲ್ಲರೆದುರು ಸೋಲೊಪ್ಪಿಕೊಂಡದ್ದು ನೋಡಿ, ಇನ್ನು ಇವಳು ತನ್ನ ಮುಖ ನೋಡುವುದಿಲ್ಲ ಎಂದುಕೊಂಡು ಹೊರಟುಬಿಟ್ಟಿದ್ದ ಪುಣ್ಯಾತ್ಮ. ಸೀರೆಯ ನೆರಿಗೆ ಎತ್ತಿ ಹಿಡಿದು ಟ್ರಾಮ್‌ಗೆ ಓಡಿದೆ. ಸ್ಟೇಷನ್ ತಲುಪಿದಾಗ ಅವನು ರೈಲಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಾಗಿತ್ತು.

ಹೆಸರು ಹಿಡಿದು ಕೂಗಿದೆ. ಕಾಲು ಕೆಳಗಿಟ್ಟ. ದರ್ಜೆ ಸಿಕ್ಕಿತೇ ಎಂದು ಕೇಳಿದ, ಸಿಕ್ಕಿತು ಎಂದೆ. ಅವನ ಮುಖ ಅರಳಿತು.

“ಅದನ್ನ ಹೇಳೋಕೆ ಓಡಿ ಬರ್ಲಿಲ್ಲ,” ಎಂದೆ. ಏದುಸಿರು ಬರುತ್ತಿತ್ತು, ಆದರೂ ನಿಲ್ಲಿಸಲಿಲ್ಲ. “ಆ ಪಿಎಚ್‌ಡಿ ಸಿಗುತ್ತೋ ಇಲ್ವೋ ಗೊತ್ತಿಲ್ಲ. ಎಲ್ಲಿದ್ರೂ ನನಗೆ ನೀನು ಬೇಕು, ಸಮಿತ್. ನಾನು ನಿನ್ನನ್ನ ಪ್ರೀತಿಸ್ತೀನಿ.”

ಅವನ ಹಿಂದೆ ಬಾಗಿಲು ಮುಚ್ಚಿಕೊಂಡು ರೈಲು ಹೊರಟಿತು. ಅವನು ಅದರ ಕಡೆ ತಿರುಗಿಯೂ ನೋಡಲಿಲ್ಲ. ರೈಲಿನ ಸದ್ದು ಪೂರ್ತಿ ಅಡಗುವವರೆಗೆ ಕಾದು, ನನ್ನ ಎರಡೂ ಕೈ ಹಿಡಿದುಕೊಂಡು, ಸರಿಯಾಗಿ ಕೇಳಿಸಲಿಲ್ಲ ಎಂದ. ಶುದ್ಧ ಸುಳ್ಳು, ಕಣ್ಣು ತುಂಬಿ ನಗುತ್ತಿದ್ದ.

ನಾನು ಇನ್ನೊಮ್ಮೆ ಹೇಳಿದೆ.