ಇಂಗಿತಪಟ್ಟಿಯ ಹಸಿರು

ಶಾಂಭವಿಯ ತೋಳಿನ ಮೇಲಿದ್ದ ಇಂಗಿತಪಟ್ಟಿ ಮತ್ತೆ ಕೆಂಪಾಯಿತು.

ಅಂಗೈ ಅಗಲದ ಮೆತ್ತನೆಯ ಬಟ್ಟೆ ಅದು. ನಾಡಿ, ಉಸಿರು, ಚರ್ಮದ ಬೆವರು ಇವನ್ನು ಅಳೆದು, ಮಗುವಿಗೆ ಹಿತವಾದರೆ ಹಸಿರಾಗುತ್ತದೆ, ಕಷ್ಟವಾದರೆ ಕೆಂಪಾಗುತ್ತದೆ. ಮಾತಾಡದ ಆಟಿಸಂ ಮಕ್ಕಳಿಗೆ ಯಾವ ಚಿಕಿತ್ಸೆ ಒಗ್ಗುತ್ತದೆಂದು ತಿಳಿಯಲು ಡಾ. ವಾರುಣಿ ಕಟ್ಟೀಮನಿ ಅದನ್ನು ಕಂಡುಹಿಡಿದಿದ್ದಳು. 2060ರ ವಿಜಯಪುರದಲ್ಲಿ ಅಂಥ ಮಕ್ಕಳ ತೋಳಿನಲ್ಲೆಲ್ಲ ಅದೇ ಪಟ್ಟಿ.

ಶಾಂಭವಿಯ ತಂದೆ ಮಹಾಂತೇಶ ಖಾನಾವಳಿ ನಡೆಸುವವನು. ಊರಿಗೆ ಊರೇ ಅವನನ್ನು 'ಮಾಲಕರ' ಎನ್ನುತ್ತಿತ್ತು. 'ಅಪ್ಪಾ' ಎನ್ನಬೇಕಾದ ನಾಲ್ಕು ವರ್ಷದ ಮಗಳು ಮಾತ್ರ ಏನೂ ಅನ್ನುತ್ತಿರಲಿಲ್ಲ. ಆ ಒಂದು ಶಬ್ದಕ್ಕಾಗಿ ಅವನ ಜೀವ ಹಂಬಲಿಸುತ್ತಿತ್ತು. ಮಾತಿನ ಪಾಠವೇ ಬೇಕೆಂದು ಹಟ ಹಿಡಿದಿದ್ದ. ಅಲ್ಲಿ ಕೈ ಕಟ್ಟಿ ಕೂರಬೇಕು, ಶಬ್ದ ಹೊರಟರೆ ಮಾತ್ರ ಬೆಲ್ಲದ ಚೂರು. ಪಟ್ಟಿ ಕೆಂಪಾಗುತ್ತಿದ್ದದ್ದು ಆ ಪಾಠದಲ್ಲೇ.

"ಇನ್ನೊಂದೀಟು ದಿನ ನೋಡೂಣ್ರಿ ಡಾಕ್ಟ್ರ. ರೂಢಿ ಆಕ್ಕೈತಿ," ಎಂದ ಮಹಾಂತೇಶ, ವಾರುಣಿಯ ಚಿಕಿತ್ಸಾಲಯದಲ್ಲಿ ಕೂತು.

"ಮನ್ಯಾಗ ಯಾವಾಗರ ಹಸರಾಗೇತೇನ್ರಿ?" ವಾರುಣಿ ಕೇಳಿದಳು.

ಆಗಿತ್ತು, ಅವನು ಹೇಳಿದ. ಅವನು ರೊಟ್ಟಿ ಬಡಿಯುವಾಗ ಶಾಂಭವಿ ಓಡಿಬಂದು, ಪಕ್ಕದಲ್ಲಿ ಕೂತು ತಾನೂ ಹಲಗೆ ಬಡಿಯುತ್ತಿದ್ದಳು. ಪಾಠದವರು ಹೇಳಿದ ಶಿಸ್ತೆಂದು ಅವನೇ ಅವಳ ಕೈ ಹಿಡಿದು ತಡೆಯುತ್ತಿದ್ದ.

"ಅದು ಆಟಾರೀ, ಮಾತಲ್ಲ."

"ನೀವು ಬಡಿಯೂದು ನಿಲ್ಲಿಸಿದ್ರ ಆಕಿ ಏನ್ ಮಾಡ್ತಾಳ?"

"ನನ್ನ ಕೈ ಎಳದು ಹಿಟ್ಟಿನ ಮ್ಯಾಲ ಇಡ್ತಾಳ." ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು.

"ಅಂಗೈಯಾಗ ಬೆಣ್ಣಿ ಇಟ್ಕೊಂಡು ತುಪ್ಪಕ್ಕ ಊರೆಲ್ಲಾ ತಿರಗಿದಂಗಾತಲ್ರಿ ಮಾಲಕರ!" ವಾರುಣಿ ನಕ್ಕಳು. ಆಮೇಲೆ ಮೆಲ್ಲಗೆ ಹೇಳಿದಳು, "ಜೊತೆಯಾಟದ ಚಿಕಿತ್ಸೆ ಸುರು ಮಾಡೂಣು. ಮಗು ಮುಂದ, ನೀವು ಹಿಂದ. ನಿಧಾನಕ್ಕ ತನಗ ಬೇಕಾದ್ದನ್ನ ಚಿತ್ರ ತೋರಿಸಿ ಕೇಳೂದು ಕಲೀತಾಳ. 'ಅಪ್ಪಾ' ಅಂತಾಳೋ ಇಲ್ಲೋ, ಸುಳ್ಳು ಹೇಳಂಗಿಲ್ಲ ನಾ."

ಆ ಮಾತಿನಿಂದ ಅವನಿಗೆ ನೋವಾಯಿತು. ಮಗಳ ತೋಳಿನ ಕೆಂಪು ಪಟ್ಟಿ ನೋಡಿದ. "ಆತ್ರಿ," ಎಂದ.

ಸಂಜೆ ಖಾನಾವಳಿಯಲ್ಲಿ ಅವನು ರೊಟ್ಟಿ ಬಡಿದ. ಶಾಂಭವಿ ಬಡಿದಳು. ಅವನು ಬೇಕೆಂದೇ ನಿಲ್ಲಿಸಿದ. ಅವಳು ಅವನ ಕೈ ಎಳೆದು ಹಿಟ್ಟಿನ ಮೇಲಿಟ್ಟಳು.

"ಕರದೆಲ್ಲವ್ವಾ ನನ್ನ," ಎಂದ. ಕಣ್ಣು ತುಂಬಿ ಬಂತು.

ಬಣ್ಣ ನೋಡೋಣವೆಂದರೆ ಪಟ್ಟಿಗೆಲ್ಲ ಜೋಳದ ಹಿಟ್ಟು ಮೆತ್ತಿತ್ತು. ಒರೆಸಲು ಕೈ ಚಾಚಿದವನು ಹಾಗೇ ತಡೆದು, ಮಗಳ ಮುಖ ನೋಡಿದ. ಅವಳ ಹಿತವೆಲ್ಲ ಅಲ್ಲೇ ಬರೆದಿತ್ತು. ಅದನ್ನು ಓದಲು 2060ರ ಪಟ್ಟಿ ಬೇಕಾಗಿರಲಿಲ್ಲ.