ಕೆನ್ನೆಗೆ ತಾಗದ ಬೆಳಕು

ದೀಪ ಹೊತ್ತಿಕೊಂಡ ಕೂಡಲೇ ಸಿನಿಮಾ ಸೆಟ್ಟಿನಲ್ಲಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಅಷ್ಟು ಬೆಳಕಿನ ಹಿಂದೆ ಝಳವೂ ಬರಬೇಕಿತ್ತು. ಬರಲಿಲ್ಲ. ವಿಜ್ಞಾನಿ ನಫೀಸಾ ಉರಿಯುತ್ತಿದ್ದ ಗಾಜಿನ ಮೇಲೆ ಅಂಗೈ ಊರಿ ನಕ್ಕರು.

“ಮುಟ್ಟಿ ನೋಡಿ ಮಾದಪ್ಪನವರೇ. ಬೆಣ್ಣೆ ಇಟ್ಟರೂ ಕರಗಲ್ಲ.”

ಲೈಟಿನವರ ಮುಖ್ಯಸ್ಥ ಮಾದಪ್ಪ ಮೊದಲು ಬೆರಳ ತುದಿ ತಾಗಿಸಿದ, ಆಮೇಲೆ ಇಡೀ ಕೈ. “ನನ್ನ ಬೊಬ್ಬೆಗಳಿಗೆಲ್ಲ ಇವತ್ತು ರಿಟೈರ್ಮೆಂಟು ಕಣ್ರಮ್ಮಾ!”

ಎಲ್‌ಇಡಿ ಬಂದು ಎಷ್ಟೋ ಕಾಲವಾಗಿದ್ದರೂ ಮೈಸೂರಿನ ಹೊರವಲಯದ ಆ ಸ್ಟುಡಿಯೋದಲ್ಲಿ ನಟರ ಮುಖಕ್ಕೆ ಮಾತ್ರ ಹಳೆಯ ತಂತಿಯ ಬಲ್ಬುಗಳೇ ಬೇಕಿದ್ದವು. ಚರ್ಮದ ಬಣ್ಣವನ್ನು ಅವುಗಳಷ್ಟು ಚೆನ್ನಾಗಿ ಬೇರಾವುದೂ ತೋರಿಸುತ್ತಿರಲಿಲ್ಲ. ಆದರೆ ಅವು ತಿನ್ನುತ್ತಿದ್ದ ವಿದ್ಯುತ್ತಿನಲ್ಲಿ ಬೆಳಕಾಗುತ್ತಿದ್ದುದು ಚೂರು, ಉಳಿದದ್ದೆಲ್ಲ ಶಾಖ. ಒಂದೇ ಲೈನಿಗೆ ದೀಪ ಹೆಚ್ಚಾದರೆ ವೈರು ಕಾದು ಫ್ಯೂಸು ಹಾರುತ್ತಿತ್ತು. ನಫೀಸಾ ಅದೇ ಬಲ್ಬಿಗೆ ‘ಶಾಖಗ್ರಾಹಿ ಪೊರೆ’ ಹೊದಿಸಿದ್ದರು. ಹೊರಗೆ ಹೊರಟ ಶಾಖವನ್ನು ಅದು ಹಿಡಿದು, ವಿದ್ಯುತ್ತಾಗಿಸಿ, ಮತ್ತೆ ತಂತಿಗೇ ಉಣಿಸುತ್ತಿತ್ತು. ಬಣ್ಣ ಅದೇ, ಬಿಸಿ ಇಲ್ಲ. ಅದಕ್ಕವರು ‘ತಣ್ಬೆಳಕು’ ಎಂದು ಹೆಸರಿಟ್ಟಿದ್ದರು.

ಎಲ್ಲರ ಜೊತೆ ಕುಮುದಿನಿಯೂ ಚಪ್ಪಾಳೆ ತಟ್ಟಿದಳು. ತಾಯಿಯ ಪಾತ್ರಕ್ಕೆ ಈ ಸ್ಟುಡಿಯೋ ಮೊದಲು ಕರೆಯುತ್ತಿದ್ದುದು ಅವಳನ್ನೇ. ಇವತ್ತಿನ ಕೆಲಸ ಸುಲಭದ್ದು: ಮೆಟ್ಟಿಲಿಳಿದು ಬಂದು, ನೆಲದ ಗುರುತಿನ ಮೇಲೆ ನಿಂತು, ಕಿಟಕಿಯಾಚೆ ನೋಡಬೇಕು.

ಅವಳು ಗುರುತು ದಾಟಿ ಹೋದಳು. ಮುಖ ಕತ್ತಲಿಗೆ ಬಿತ್ತು. ಎರಡನೆಯ ಸಲವೂ ಹಾಗೆಯೇ.

“ಅಮ್ಮಾ, ಏನಾಯ್ತು? ನೀವು ಯಾವತ್ತೂ ತಪ್ಪಿದವರೇ ಅಲ್ಲ,” ಎಂದ ನಿರ್ದೇಶಕ ಶ್ರೀಕರ.

“ವಯಸ್ಸಾಯ್ತು,” ಎಂದು ಯಾರೋ ಗೊಣಗಿದರು. ಆ ಮಾತು ಚುಚ್ಚಿದರೂ ಕುಮುದಿನಿಗೆ ಸಮಾಧಾನವೇ ಆಯಿತು. ನಿಜ ತಿಳಿಯುವುದಕ್ಕಿಂತ ಅದು ವಾಸಿ. ಅವಳ ನೋಟದ ಕೆಳಗಿನ ಭಾಗ ಮಸುಕಾಗಿ ವರ್ಷಗಳಾಗಿದ್ದವು. ಎದುರಿಗಿದ್ದವರ ಮುಖ ಕಾಣುತ್ತಿತ್ತು, ನೆಲ ಕಾಣುತ್ತಿರಲಿಲ್ಲ. ವೈರು ಹಾಸಿದ ನೆಲದ ಮೇಲೆ ಅಂಥವಳನ್ನು ಯಾರು ನಡೆಯಲು ಬಿಟ್ಟಾರು? ಇಷ್ಟು ದಿನ ಅವಳನ್ನು ಕಾಪಾಡಿದ್ದು ದೀಪದ ಬಿಸಿ. ಕಾದ ಕಾವಲಿಯನ್ನು ಮುಟ್ಟದೆಯೇ ಅಂಗೈಗೆ ಗೊತ್ತಾಗುವಂತೆ, ಎಡಗೆನ್ನೆ ಬೆಚ್ಚಗಾದರೆ ಜಾಗ ಬಂತೆಂದು ಅವಳಿಗೆ ಗೊತ್ತಾಗುತ್ತಿತ್ತು.

ಊಟದ ವಿರಾಮದಲ್ಲಿ ನಫೀಸಾ ತಟ್ಟೆ ಹಿಡಿದು ಬಂದು ಪಕ್ಕದಲ್ಲೇ ಕೂತರು. “ಒಂದು ಕೇಳಲಾ? ಪ್ರತಿ ಸಲ ನಿಲ್ಲೋ ಮುಂಚೆ ಮುಖ ಎಡಕ್ಕೆ ತಿರುಗಿಸ್ತೀರಿ. ಏನು ಹುಡುಕ್ತೀರಿ?”

ದನಿಯಲ್ಲಿ ಆಕ್ಷೇಪವಿರಲಿಲ್ಲ, ಬರೀ ಕುತೂಹಲ. ತನ್ನನ್ನು ಇಷ್ಟು ಗಮನವಿಟ್ಟು ಯಾರಾದರೂ ನೋಡಿ ಎಷ್ಟು ಕಾಲವಾಯಿತು ಎಂದುಕೊಂಡಳು ಕುಮುದಿನಿ. ಸುಳ್ಳು ಬಾಯಿಗೆ ಬರಲಿಲ್ಲ.

“ಬಿಸಿ,” ಎಂದಳು. ಆಮೇಲೆ ಎಲ್ಲವನ್ನೂ ಹೇಳಿದಳು.

ನಫೀಸಾ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. “ಅಯ್ಯೋ, ಅದನ್ನ ತೆಗೆಯೋಕೆ ನಾನು ಅರ್ಧ ಆಯಸ್ಸು ಕಳೆದೆನಲ್ಲ!”

ವಿರಾಮ ಮುಗಿದಾಗ ಅವರು ಉಗುರಿನಿಂದ ದೀಪದ ಪೊರೆಯ ಒಂದು ಚೂರನ್ನು ಕೆರೆದು ತೆಗೆಯುತ್ತಿದ್ದರು. ಶ್ರೀಕರ ಗಾಬರಿಯಾದ. “ಏನ್ ಮಾಡ್ತಿದೀರಿ ಮೇಡಂ?”

“ಸಣ್ಣದೊಂದು ದೋಷ ಸೇರಿಸ್ತಿದೀನಿ.”

ಕುಮುದಿನಿ ಮೆಟ್ಟಿಲಿಳಿದಳು. ಕೆನ್ನೆ ಬೆಚ್ಚಗಾಯಿತು. ನಿಂತಳು.

ಕುಮುದಿನಿಯ ಹೆಸರೆತ್ತದೆ ನಫೀಸಾ ಹೇಳಿಕೊಂಡ ಆ ದೋಷದ ಸುದ್ದಿ ಅಂಧರ ಶಾಲೆಯೊಂದಕ್ಕೆ ಮುಟ್ಟುತ್ತದೆಂದು ಯಾರೂ ಎಣಿಸಿರಲಿಲ್ಲ. ಶಾಲೆಯ ಉದ್ದನೆಯ ಕಾರಿಡಾರಿಗೆ ಅಂಥ ದೀಪಗಳ ಸಾಲು ಬೇಕೆಂದರು ಮುಖ್ಯೋಪಾಧ್ಯಾಯಿನಿ. ಅವರೂ ಕಣ್ಣು ಕಾಣದವರೇ. “ಬೆಳಕಿಗೆ ಯಾಕಮ್ಮ ಕರೆಂಟು ದಂಡ? ಬಿಸಿ ಒಂದೇ ಕೊಡಿ.” ಹೀಗೆ, ಬಿಸಿಯಿಲ್ಲದ ಬೆಳಕು ಕಂಡುಹಿಡಿದ ನಫೀಸಾ ಬೆಳಕಿಲ್ಲದ ದೀಪ ಮಾಡಿದರು. ಆದರೆ ಬಿಸಿ ನಂಬಿ ನಡೆಯುವುದನ್ನು ಮಕ್ಕಳಿಗೆ ಕಲಿಸಬಲ್ಲವಳು ಒಬ್ಬಳೇ. ಒಪ್ಪಿದರೆ ಗುಟ್ಟು ಬಯಲು. ಕುಮುದಿನಿ ಒಂದು ವಾರ ಯೋಚಿಸಿದಳು, ಆಮೇಲೆ ತಾನೇ ಶ್ರೀಕರನಿಗೆ ಫೋನು ಮಾಡಿ ಹೇಳಿದಳು. “ನೋಡೋಣಮ್ಮ,” ಎಂದು ಅವನು ಫೋನಿಟ್ಟ.

ಮೊದಲ ಪಾಠದ ದಿನ ಅವನು ಶಾಲೆಗೆ ಬಂದ. ಕಿಟಕಿಯಿಲ್ಲದ ಕಾರಿಡಾರು, ಕಗ್ಗತ್ತಲು. ಮಕ್ಕಳು ಕೆನ್ನೆ ಮುಂದೆ ಮಾಡಿ, ಕಿಲಕಿಲ ನಗುತ್ತ ಅವನನ್ನು ದಾಟಿ ಹೋದರು. ಅವನು ಗೋಡೆಗೆ ಡಿಕ್ಕಿ ಹೊಡೆದ.

“ಅಮ್ಮಾ, ಎಲ್ಲಿದೀರಿ? ಮುಂದಿನ ಪಿಕ್ಚರಿನ ಮಾತಾಡೋಣ ಅಂತ ಬಂದೆ. ಏನೂ ಕಾಣ್ತಿಲ್ಲ!”

“ಬಾರಪ್ಪ,” ಎಂದಳು ಕುಮುದಿನಿ ಕತ್ತಲೊಳಗಿಂದ. “ಎಡಗೆನ್ನೆ ಬೆಚ್ಚಗಾದ ಕಡೆ ನಿಂತ್ಕೋ. ನಾನೇ ಬಂದು ಕೈ ಹಿಡೀತೀನಿ.”