ಹಗೇವಿನ ಮಣ್ಣು

"ಮನೆ ಏನು ಬೇಕಾದ್ರೂ ಮಾಡ್ಕಳ್ರಿ ಸ್ವಾಮೇರೆ. ಈ ಗುಪ್ಪೆ ಮಾತ್ರ ಮುಟ್ಟಬ್ಯಾಡ್ರಿ."

ಅಷ್ಟು ಹೇಳಿ ಓಬಯ್ಯ ಬಗ್ಗಿದ. ದಾರಿಯ ಬದಿಯಿಂದ ಒಂದು ಹಿಡಿ ಮಣ್ಣು ತೆಗೆದು, ಬಾಗಿಲಿಗೆ ಎದುರಾಗಿ ಅಂಗಳದ ನಟ್ಟನಡುವೆ ಆಳೆತ್ತರ ಬೆಳೆದು ನಿಂತಿದ್ದ ಮಣ್ಣುಗುಪ್ಪೆಯ ಮೇಲೆ ಎಸೆದು, ತಿರುಗಿಯೂ ನೋಡದೆ ಕುರಿಗಳ ಹಿಂದೆ ಹೊರಟುಹೋದ. ಅವನ ಹೆಗಲ ಕಂಬಳಿಯ ವಾಸನೆ ಮಾತ್ರ ಸ್ವಲ್ಪ ಹೊತ್ತು ಅಂಗಳದಲ್ಲಿ ಉಳಿಯಿತು.

ಜಗುಲಿಯ ಮೇಲೆ ಟೀ ಲೋಟ ಹಿಡಿದು ನಿಂತಿದ್ದ ಹಾಲಸ್ವಾಮಿ ಮನಸಾರೆ ನಕ್ಕ. ಮನೆ ಕೊಂಡು ಎರಡು ತಿಂಗಳಾಗಿತ್ತು. ಓಬಯ್ಯನ ಹಟ್ಟಿಯವರು, ಕೋಲೂರಿಕೊಂಡು ನಡೆಯುವ ಮುದುಕಿಯರೂ ಸೇರಿದಂತೆ, ಆ ಗುಪ್ಪೆಗೆ ಒಂದು ಹಿಡಿ ಮಣ್ಣು ಎಸೆಯದೆ ಮುಂದೆ ಹೋದದ್ದನ್ನು ಅವನು ಕಂಡಿರಲಿಲ್ಲ. ಅವರಾರೂ ಅವನ ಮುಖ ನೋಡುತ್ತಿರಲಿಲ್ಲ. ಮನೆಯ ಬಾಗಿಲನ್ನು ದುರುಗುಟ್ಟಿ ನೋಡಿ ಹೋಗುತ್ತಿದ್ದರು.

ಹಾಲಸ್ವಾಮಿ ದಾವಣಗೆರೆಯಲ್ಲಿ ಹದಿನೆಂಟು ವರ್ಷ ಖಾನಾವಳಿ ನಡೆಸಿದ ಆಸಾಮಿ. ದೆವ್ವ ಬಂದರೂ ಎಲೆ ಹಾಕಿ ಬಡಿಸುತ್ತೇನೆ ಎಂದು ಜಂಬ ಕೊಚ್ಚುತ್ತಿದ್ದವನು. ಸಾವಿರದ ಒಂಬೈನೂರ ಎಪ್ಪತ್ತೈದರ ಬೇಸಿಗೆಯಲ್ಲಿ ಅವನ ತಲೆಗೆ ಒಂದು ಹುಳ ಹೊಕ್ಕಿತು. ಪಟ್ಟಣದವರು ಬಂದು ನಾಲ್ಕು ದಿನ ತಂಗುವಂಥ ಹಳ್ಳಿಮನೆಯೊಂದನ್ನು ಮಾಡಬೇಕು. ಒಂದು ಕಡೆ ದುರ್ಗದ ಕೋಟೆ, ಇನ್ನೊಂದು ಕಡೆ ಮಾರಿಕಣಿವೆಯ ಅಣೆಕಟ್ಟು, ನಡುವೆ ಬೆಂಗಳೂರು–ಪುಣೆ ಹೆದ್ದಾರಿ. ಐಮಂಗಲದಿಂದ ಎರಡು ಮೈಲಿ ಒಳಗೆ ನಲವತ್ತು ವರ್ಷದಿಂದ ಪಾಳುಬಿದ್ದಿದ್ದ ಗೌಡರ ಮಣ್ಣುಛಾವಣಿಯ ಮಾಳಿಗೆ ಮನೆ ಅವನಿಗೆ ಬಹಳ ಹಿಡಿಸಿತು. ತೋಳುದ್ದ ದಪ್ಪದ ಗೋಡೆ, ಕಿಟಕಿ ಒಂದೂ ಇಲ್ಲ. ಪಡಸಾಲೆಯ ನಡುವೆ ಮಾಳಿಗೆಯಲ್ಲಿ ಒಂದು ಗುಂಡನೆಯ ಬೆಳಕಿಂಡಿ. ಮಧ್ಯಾಹ್ನದಲ್ಲೂ ಬೆಳಕು ಅದೊಂದರಿಂದಲೇ ಇಳಿಯಬೇಕು.

ಕಂಬಗಳಿಗೆ ಎಣ್ಣೆ ಕುಡಿಸಿದ್ದಾಯಿತು, ಗೋಡೆಗೆ ಸುಣ್ಣವಾಯಿತು. ದಾವಣಗೆರೆಯ ಮೂರು ಸಂಸಾರಗಳು ಮುಂದಿನ ಸೋಮವಾರ ಬರುವುದಾಗಿ ಕಾಗದ ಬರೆದಿದ್ದವು. ಉಳಿದದ್ದು ಮಾಳಿಗೆ ಒಂದೇ. ಮಳೆಗೆ ಮುಂಚೆ ಅದರ ಮೇಲೆ ಗೇಣು ದಪ್ಪ ಹೊಸ ಮಣ್ಣು ಬೀಳದಿದ್ದರೆ ಸೋರುವುದು ಖಂಡಿತ.

"ಕೆರೆ ಹಿಂದ್ಲಿಂದ ಸೋರದಂಥ ಕರಲು ಮಣ್ಣು ತರಿಸ್ತೀನಿ, ಹತ್ತು ದಿನ ಕೊಡ್ರಿ" ಎಂದ ಮೇಸ್ತ್ರಿ ಜಂಪಣ್ಣ.

"ಹತ್ತು ದಿನ ಎಲ್ಲೈತಪ್ಪ? ಅಂಗಳದಾಗೇ ಬಿದ್ದೈತಲ್ಲ ಮಣ್ಣು. ಗುಪ್ಪೆ ತೆಗೆದ್ರೆ ಕಾರು ನಿಲ್ಲಾಕೂ ಜಾಗ ಆಗ್ತೈತೆ."

ಜಂಪಣ್ಣ ಕರಣೆ, ತೂಗುಗುಂಡು, ಎಲ್ಲ ಚೀಲಕ್ಕೆ ಹಾಕಿಕೊಂಡ. ಮಾರನೆಯ ದಿನ ಅವನು ಬರಲಿಲ್ಲ.

ಹಾಲಸ್ವಾಮಿಯ ಹೆಂಡತಿ ಶಿವಗಂಗಮ್ಮನಿಗೆ ಇದು ಸರಿ ಕಾಣಲಿಲ್ಲ. ಖಾನಾವಳಿಗೆ ಹೆಸರು ಬಂದದ್ದೇ ಅವಳ ಕೈರುಚಿಯಿಂದ. ಸದ್ದಿಲ್ಲದೆ ದುಡಿದು ಗಂಡನ ಹುಚ್ಚಾಟಗಳಿಗೆಲ್ಲ ಹೆಗಲು ಕೊಟ್ಟವಳು ಅವಳು. ಸಂಜೆ ಕುರಿ ಹೊಡೆದುಕೊಂಡು ಬಂದ ಓಬಯ್ಯನನ್ನು ನಿಲ್ಲಿಸಿ ಕೇಳಿದಳು. ಮುದುಕ ಹೇಳಿದ.

"ಅದರಡಿ ಹಗೇವು ಐತೆ ತಾಯಿ. ಗೌಡ್ರು ರಾಗಿ ತುಂಬಿಡ್ತಿದ್ದ ಗುಂಡಿ. ಹಗೇವು ತೆಗೆದ್ರೆ ಒಳಗಿನ ಇಸದ ಗಾಳಿ ಹೋಗ್ಲಿ ಅಂತ ಒಂದು ದಿನ ಗಾಳಿ ಆಡಾಕೆ ಬಿಡಬೇಕು. ಆಮ್ಯಾಲೆ ಕಂದೀಲು ಇಳಿಬಿಟ್ಟು ನೋಡಬೇಕು. ದೀಪ ಉರಿದ್ರೆ ಆಳು ಇಳೀಬೌದು, ಕೆಟ್ರೆ ಇಳೀಬಾರದು. ಅರವತ್ತು ವರ್ಷದ ಹಿಂದೆ ಒಂದಿನ ಗೌಡ್ರ ಮನೆಗೆ ನೆಂಟ್ರು ಬಂದಿದ್ರು, ಅವಸರ. ನಮ್ಮಪ್ಪ ಚಿತ್ತಯ್ಯನ್ನ ದೀಪ ನೋಡದೇ ಇಳಿಸಿದ್ರು. ನಾನು ಐದು ವರ್ಷದೋನು, ಇಲ್ಲೇ ನಿಂತಿದ್ದೆ."

"ಆಮೇಲೆ?"

"ಒಳಗಿಂದ ಕೂಗ್ದ. ಅವನ ಹಿಂದೆ ಇಳಿಯಾಕೆ ಯಾರ್ಗೂ ಧೈರ್ಯ ಬರಲಿಲ್ಲ. ಇನ್ನು ಉಳಿಯಲ್ಲ ಅಂತ ಗೌಡ್ರು ಹಗೇವಿನ ಬಾಯಿಗೆ ಚಪ್ಪಡಿ ಎಳೆಸಿ ಮಣ್ಣು ಮುಚ್ಚಿದ್ರು. ಮುಚ್ಚೋವಾಗ್ಲೂ ಕೂಗ್ತಿದ್ದ."

ಓಬಯ್ಯನ ತಾಯಿ ದೊಡ್ಡಕ್ಕ ಆ ಮಣ್ಣಲ್ಲೇ ಒಂದು ಹಿಡಿ ತೆಗೆದುಕೊಂಡು ಹೋದಳಂತೆ. ಮೂರು ಅಮಾವಾಸ್ಯೆ ಮಸಣದಲ್ಲಿ ಯಾರೊಂದಿಗೆ ಕೂತಳೋ, ಏನು ಮಾಡಿಸಿದಳೋ ಹಟ್ಟಿಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ತಿರುಗಿ ಬಂದು, ಚಪ್ಪಡಿ ಕಾಣುವವರೆಗೆ ಬಗೆದು, ಅದರ ಮೇಲೆ ಆ ಮಣ್ಣಿಟ್ಟು ಹೇಳಿದ ಮಾತನ್ನು ಮಾತ್ರ ಎಲ್ಲರೂ ಬಲ್ಲರು. ನನ್ನ ಗಂಡನ ಮೇಲೆ ಹಾಕಿದ ಮಣ್ಣು ಈ ಮನೆಯನ್ನು ಮುಚ್ಚಲಿ, ಈ ಮನೆಯ ಯಜಮಾನನ ಕೈಯಾರೆಯೇ ಮುಚ್ಚಲಿ. ಅಂದಿನಿಂದ ಅವಳ ಕುಲದವರು ಹೋಗುತ್ತ ಬರುತ್ತ ಒಂದೊಂದು ಹಿಡಿ ಸೇರಿಸುತ್ತ ಬಂದಿದ್ದರು.

"ಗೌಡ್ರು ಸಾಯೋಗಂಟ ಅದನ್ನ ಮುಟ್ಟಲಿಲ್ಲ. ಅದಕ್ಕೇ ಹಾಸಿಗೇಲಿ ಸತ್ರು" ಎಂದ ಓಬಯ್ಯ. "ನಿಮ್ಮ ಮ್ಯಾಲೆ ನಮಗೆ ಹಗೆ ಇಲ್ಲ ತಾಯಿ. ಅದಕ್ಕೇ ಹೇಳ್ತಿರೋದು."

ರಾತ್ರಿ ಊಟಕ್ಕೆ ಕೂತ ಹಾಲಸ್ವಾಮಿ ಇದನ್ನು ಕೇಳಿ ತುತ್ತು ನೆತ್ತಿಗೇರುವಷ್ಟು ನಕ್ಕ. "ಅರವತ್ತು ವರ್ಷ ಬಿಟ್ಟಿ ಮಣ್ಣು ಹೊತ್ತಾಕೌರೆ ಪಾಪ, ನಮ್ಮ ಮಾಳಿಗೆಗೆ ಅಂತ."

"ಮಣ್ಣಿಗೇನು ಬರಗಾಲವಾ? ಬೇರೆ ಕಡೆಯಿಂದ ತರಿಸ್ರಿ."

"ನೀನು ಸೋಮವಾರದ ಅಡಿಗೆ ನೋಡ್ಕ, ಸಾಕು."

ಚಿಕ್ಕಜಾಜೂರಿನ ಕಡೆಯಿಂದ ಕೂಲಿಗಳು ಬಂದರು. ಅವರಿಗೆ ಗುಪ್ಪೆಯ ಕತೆ ಗೊತ್ತಿರಲಿಲ್ಲ. ಎರಡು ದಿನ ಬುಟ್ಟಿ ಬುಟ್ಟಿಯಾಗಿ ಮಣ್ಣು ಮಾಳಿಗೆಗೆ ಏರಿತು. ಕೊನೆಗೆ ಚಪ್ಪಡಿ ಕಂಡಿತು. ಅದರ ಮೇಲೆ ಕರಿಕಂಬಳಿಯ ತುಂಡಿನಲ್ಲಿ ಸುತ್ತಿದ ಗಂಟು. ಉಣ್ಣೆದಾರದಿಂದ ಏಳು ಸುತ್ತು ಬಿಗಿದಿತ್ತು. ಕೂಲಿಯವನು ಗುದ್ದಲಿ ಬಿಟ್ಟು ಹಿಂದೆ ಸರಿದ. ಹಾಲಸ್ವಾಮಿ ತಾನೇ ಬಿಚ್ಚಿದ. ಒಳಗೆ ಒಂದು ಹಿಡಿ ಮಣ್ಣು. ಇನ್ನೂ ಹಸಿ. ಹಿಸುಕಿ ಹಿಡಿದ ಬೆರಳುಗಳ ಗುರುತು ಅದರ ಮೇಲೆ ನಿನ್ನೆ ಮೂಡಿದಂತಿತ್ತು. ಅವನು ತನ್ನ ಅಂಗೈಯಲ್ಲಿ ಅದನ್ನು ಪುಡಿ ಮಾಡಿ, ಏಣಿ ಹತ್ತಿ, ಬೆಳಕಿಂಡಿಯ ಸುತ್ತ ಉದುರಿಸಿದ. ಸೋಪು ಹಾಕಿ ಎಷ್ಟು ತೊಳೆದರೂ ಅಂಗೈಗೆ ಹತ್ತಿದ ಮುಗ್ಗಲು ರಾಗಿಯ ವಾಸನೆ ಹೋಗಲಿಲ್ಲ.

ಶನಿವಾರದ ಹೊತ್ತಿಗೆ ಆ ವಾಸನೆ ಮನೆಯನ್ನೆಲ್ಲ ಹಿಡಿದಿತ್ತು. ಸುಣ್ಣದ ವಾಸನೆಯೂ ಅದರಡಿ ಅಡಗಿಹೋಯಿತು. ಒಲೆ ಉರಿಯಲೊಲ್ಲದು. ಪಡಸಾಲೆಯಲ್ಲಿಟ್ಟ ದೀಪ ಗಾಳಿಯಿಲ್ಲದೆಯೂ ಸಣ್ಣಗಾಗಿ, ನೀಲಿಯಾಗಿ, ಆರಿಹೋಗುತ್ತಿತ್ತು. ಶಿವಗಂಗಮ್ಮ ಬತ್ತಿ ಬದಲಿಸಿದಳು, ಎಣ್ಣೆ ಬದಲಿಸಿದಳು. ಅದೇ ದೀಪ ಅಂಗಳಕ್ಕೆ ತಂದರೆ ನೆಟ್ಟಗೆ ಉರಿಯುತ್ತಿತ್ತು.

ಹಟ್ಟಿಯವರು ಈಗ ಮಣ್ಣು ಎಸೆಯುತ್ತಿರಲಿಲ್ಲ. ಮಾಳಿಗೆಯ ಕಡೆ ಒಮ್ಮೆ ಕಣ್ಣೆತ್ತಿ ನೋಡಿ, ದಾರಿ ಬಿಟ್ಟು ಹೊಲದ ಬದುವಿನ ಮೇಲೆ ದೂರದಿಂದ ಹೋಗುತ್ತಿದ್ದರು.

"ಬರೋರಿಗೆ ಬ್ಯಾಡ ಅಂತ ತಂತಿ ಕೊಡ್ರಿ" ಎಂದಳು ಶಿವಗಂಗಮ್ಮ. ಅವಳು ಏದುಸಿರು ಬಿಡುತ್ತಿದ್ದಳು. "ಒಳಗೆ ಉಸಿರು ಸಾಲದು."

"ಹೊಸ ಸುಣ್ಣದ ಘಾಟು ಅದು" ಎಂದ ಅವನು. ಅವನಿಗೂ ಎದೆ ಬಿಗಿಯುತ್ತಿತ್ತು. ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ, ಅಷ್ಟೆ.

ಭಾನುವಾರ ಸಂಜೆ ಜೋಗಿಮಟ್ಟಿ ಗುಡ್ಡದ ಕಡೆಯಿಂದ ಮೋಡ ಎದ್ದಿತು. ನೋಡನೋಡುತ್ತ ಕಪ್ಪಾಯಿತು. ಗಾಳಿ ಬೀಸಿ ಮುಂಬಾಗಿಲು ದಢಾರನೆ ಬಡಿದು ಮುಚ್ಚಿಕೊಂಡಿತು. ಅದರ ಹಿಂದೆಯೇ ಹನಿ. ಶಿವಗಂಗಮ್ಮ ಬರುವವರಿಗೆಂದು ಹಾಸಿದ ಹಾಸಿಗೆ ಸುತ್ತಿಡಲು ಕಂದೀಲು ಹಿಡಿದು ಆಗಲೇ ಒಳಗೆ ಹೋಗಿದ್ದಳು. ಹಾಲಸ್ವಾಮಿ ಏಣಿ ಹತ್ತಿದ. ಬೆಳಕಿಂಡಿಯಿಂದ ನೀರು ಇಳಿದರೆ ಸುಣ್ಣದ ಗೋಡೆಯೆಲ್ಲ ಹಾಳು. ಅವನ ತಲೆಯಲ್ಲಿ ಇದ್ದದ್ದು ಅದೊಂದೇ.

ಮಾಳಿಗೆಯ ಮಣ್ಣು ಕಾಲಡಿ ಬೆಚ್ಚಗಿತ್ತು. ಅವನು ಬೆಳಕಿಂಡಿಯಲ್ಲಿ ಇಣುಕಿದ. ಕೆಳಗೆ ಪಡಸಾಲೆ ಕಾಣಲಿಲ್ಲ. ಆಳ ಕಂಡಿತು. ಎಷ್ಟೋ ಆಳದಲ್ಲಿ ಕಂದೀಲಿನ ಚುಕ್ಕೆ. ಅದು ನೀಲಿಯಾಯಿತು. ಆರಿತು.

"ರೀ."

"ಬಂದೆ, ಇರೇ. ಮುಚ್ತಿದೀನಿ."

"ರೀ, ಬಾಗಿಲು ಬರ್ತಿಲ್ಲ."

ಗುಡುಗು. ಅವನು ಪಕ್ಕದಲ್ಲಿದ್ದ ಹಾಸುಗಲ್ಲು ಎಳೆದ. ಕಲ್ಲು ಹಗುರವಾಗಿ ಜಾರಿತು, ಯಾರೋ ಆ ಕಡೆಯಿಂದ ಕೈ ಕೊಟ್ಟ ಹಾಗೆ. ಅಂಚು ಕೂಡಿತು.

"ರೀ..."

ಮಣ್ಣು ಹಾಕಿದರೆ ಮುಗಿಯಿತು. ಮುಗಿಸಿ ಇಳಿಯೋಣ. ಅವನು ಎರಡೂ ಕೈಯಲ್ಲಿ ಬಾಚಿದ. ಆಗ ಕಲ್ಲಿನಡಿಯಿಂದ ಗಂಡು ದನಿಯೊಂದು ಕೇಳಿಸಿತು. ತೀರ ಹತ್ತಿರದಿಂದ.

"ಗೌಡ್ರೆ. ಮುಚ್ಚಬ್ಯಾಡ್ರಿ."

ಹಟ್ಟಿಯವನು ಯಾವನೋ ಹೆದರಿಸಲು ಒಳಗೆ ಹೊಕ್ಕಿದ್ದಾನೆ ಎಂದುಕೊಂಡ. ಸಿಟ್ಟು ನೆತ್ತಿಗೇರಿತು. "ಯಾವನಲೇ ಅವನು?" ಎಂದು ಅರಚಿ ಇನ್ನೊಂದು ಹಿಡಿ ಹಾಕಿದ. ಮತ್ತೊಂದು. ಇನ್ನೂ ಒಂದು. ದನಿ ನಿಂತಿತು. ಅವನೂ ನಿಲ್ಲಬೇಕೆಂದುಕೊಂಡ. ಕೈ ನಿಲ್ಲಲಿಲ್ಲ. ಬಾಚಿತು. ಹಾಕಿತು. ಬಾಚಿತು. ಉಗುರು ಕಿತ್ತು ರಕ್ತ ಬಂತು. ಮಳೆ ಮುಖಕ್ಕೆ ಹೊಡೆಯುತ್ತಿತ್ತು. ಮಣ್ಣು ನೆನೆಯಲಿಲ್ಲ. ಮೊದಲ ನಾಲ್ಕು ಹಿಡಿ ಅವನೇ ಹಾಕಿದ್ದು. ಆಮೇಲಿನವನ್ನು ಹಾಕಿದವರು ಯಾರೋ ಅವನಿಗೆ ತಿಳಿಯದು.

ಅರಚಾಟ ಕೇಳಿ ಹೊಲದ ಬದುವಿನಿಂದ ಕಂದೀಲು ಹಿಡಿದು ಓಡಿಬಂದ ಓಬಯ್ಯ, ಏಣಿ ಹತ್ತಿ ಅವನ ಕಾಲು ಹಿಡಿದು ಎಳೆದ. ಕೆಳಗಿಳಿದು ಇಬ್ಬರೂ ಬಾಗಿಲಿಗೆ ಹೆಗಲು ಕೊಟ್ಟರು. ತೆರೆಯಿತು. ಮುಗ್ಗಲು ಬಿಸಿ ಮುಖಕ್ಕೆ ರಾಚಿತು. ಓಬಯ್ಯ ತನ್ನ ಕಂದೀಲನ್ನು ಹೊಸ್ತಿಲೊಳಗೆ ಚಾಚಿದ. ಆರಿತು.

ಹಾಲಸ್ವಾಮಿ ಹೊಸ್ತಿಲಲ್ಲೇ ನಿಂತ. ಮಿಂಚಿನ ಬೆಳಕಿಗೆ ಪಡಸಾಲೆಯಲ್ಲಿ ಹೆಂಡತಿಯ ಕಾಲು ಕಂಡಿತು, ಇಪ್ಪತ್ತು ಹೆಜ್ಜೆ ದೂರ. ಕಾಲೆತ್ತಲು ನೋಡಿದ. ಹೆದರಿಕೆ. ಬರೀ ಹೆದರಿಕೆ. ಅವನು ನಿಂತೇ ಇದ್ದ.

"ನಮ್ಮಪ್ಪಂಗೆ ಯಾರೂ ಇಳೀಲಿಲ್ಲ" ಎಂದ ಓಬಯ್ಯ. ಒದ್ದೆ ಕಂಬಳಿಯನ್ನು ಮೂಗು ಬಾಯಿಗೆ ಸುತ್ತಿಕೊಂಡ. ಒಂದೇ ಉಸಿರು ಹಿಡಿದು ಒಳಗೆ ನುಗ್ಗಿದ. ಅವಳ ರಟ್ಟೆ ಹಿಡಿದು ಎಳೆದುಕೊಂಡು ಬಂದು ಹಗೇವಿನ ಚಪ್ಪಡಿಯ ಮೇಲೆ ಮಳೆಯಲ್ಲಿ ಮಲಗಿಸಿದ. ಬಹಳ ಹೊತ್ತಿನ ಮೇಲೆ ಶಿವಗಂಗಮ್ಮ ಕೆಮ್ಮಿದಳು. ಅವಳನ್ನು ಓಬಯ್ಯನ ಸೊಸೆ ಹಟ್ಟಿಗೆ ಕರೆದುಕೊಂಡು ಹೋದಳು.

ಸೋಮವಾರ ಬಂದ ಸಂಸಾರಗಳು ವಾಸನೆಗೆ ಮೂಗು ಮುಚ್ಚಿಕೊಂಡು, ಕಾರಿನಿಂದ ಇಳಿಯದೆ ತಿರುಗಿ ಹೋದವು. ಹಾಲಸ್ವಾಮಿ ಮಾಳಿಗೆಯ ಮಣ್ಣನ್ನೆಲ್ಲ ಒಬ್ಬನೇ ಇಳಿಸಿದ. ಹನ್ನೊಂದು ದಿನ ಹಿಡಿಯಿತು. ಗುಪ್ಪೆ ಮತ್ತೆ ತನ್ನ ಜಾಗದಲ್ಲಿ ಎದ್ದಿತು. ಕೊನೆಯ ಬುಟ್ಟಿ ಸುರಿದು ತಲೆಯೆತ್ತಿದಾಗ ಎದುರಿಗೆ ಶಿವಗಂಗಮ್ಮ ನಿಂತಿದ್ದಳು. ಕೈಯಲ್ಲಿ ಬಟ್ಟೆಯ ಗಂಟು.

"ಮೂರು ಸಲ ಕೂಗಿದೆ" ಎಂದಳು.

"ಮಳೆ ಸದ್ದು, ಗುಡುಗು..." ಎಂದ ಅವನು.

"ಕೇಳಿಸ್ತು ನಿಮಗೆ. ಬಂದೆ ಇರೇ ಅಂದ್ರಿ."

ಕೇಳಿಸಿದ್ದು ನಿಜ. ಶಿವಗಂಗಮ್ಮ ಬಗ್ಗಿದಳು. ದಾರಿಯ ಬದಿಯಿಂದ ಒಂದು ಹಿಡಿ ಮಣ್ಣು ತೆಗೆದಳು. ಗುಪ್ಪೆಯ ಕಡೆ ನೋಡಲಿಲ್ಲ, ಮನೆಯ ಕಡೆಯೂ ನೋಡಲಿಲ್ಲ. ಅವನ ಎದೆಗೆ ಎಸೆದಳು. ತಿರುಗಿ ನೋಡದೆ ಐಮಂಗಲದ ಬಸ್ಸಿನ ದಾರಿ ಹಿಡಿದಳು.

ಹಾಲಸ್ವಾಮಿ ಅಂದು ಮನೆಯೊಳಗೆ ಹೋಗಲಿಲ್ಲ. ಹೊತ್ತು ಮುಳುಗಿದ ಮೇಲೆ ಬಯಲಲ್ಲಿ, ಅಂಗಳದ ಕೊನೆಗೆ ಚಾಪೆ ಹಾಸಿಕೊಂಡು ಕಂದೀಲು ಹಚ್ಚಿದ. ಮೇಲೆ ಬರೀ ಆಕಾಶ. ಎಲೆ ಕೂಡ ಅಲ್ಲಾಡುತ್ತಿರಲಿಲ್ಲ. ಅವಳು ಎಸೆದ ಮಣ್ಣು ಎದೆಯ ಮೇಲೆ ಇನ್ನೂ ಹಾಗೇ ಅಂಟಿತ್ತು. ಕಂದೀಲನ್ನು ತಲೆದೆಸೆಗೆ ಎಳೆದುಕೊಂಡ. ದೀಪ ಸಣ್ಣಗಾಯಿತು, ನೀಲಿಯಾಯಿತು, ಆರಿತು. ಕೈಯಳತೆಯ ದೂರ ಸರಿಸಿ ಮತ್ತೆ ಹಚ್ಚಿದ. ನೆಟ್ಟಗೆ ಉರಿಯಿತು. ಮತ್ತೆ ಹತ್ತಿರ ಎಳೆದುಕೊಂಡ. ಆರಿತು.